ಚಿನ್ನದ ಗಣಿಯಲ್ಲಿ ದೊರೆತ ನಿಶ್ಶಬ್ದ

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂವರೆಗೆ ಸಾಗುವ ಕಿರಿದಾದ ರೈಲುಹಾದಿಯಲ್ಲಿ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಬರುತ್ತವೆ. ಕಿಟಕಿಯಾಚೆ ಕಾಣುವ ಬೋಳು ದಿಬ್ಬಗಳು ಪ್ರಕೃತಿ ನಿರ್ಮಿಸಿದವಲ್ಲ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳು. ಕೋಲಾರದ ಗಣಿಪ್ರದೇಶಕ್ಕೆ ಬಂದವರು ಚಿನ್ನದ ಕಥೆಯನ್ನಷ್ಟೇ ಕೇಳಿ ಹಿಂದಿರುಗುವುದು ವಾಡಿಕೆ. ಆದರೆ ಈ ನೆಲದ ಆಳದಲ್ಲಿ ಚಿನ್ನಕ್ಕಿಂತಲೂ ಅಪರೂಪವಾದ ವಸ್ತುವೊಂದು ದೊರೆತಿತ್ತು. ಅದು ನಿಶ್ಶಬ್ದ.

ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದು ಮ್ಯೂಆನ್ ಎಂಬ ಕಣಗಳನ್ನು ಹುಟ್ಟಿಸುತ್ತವೆ. ಅಂಗೈಯಗಲದ ಜಾಗವನ್ನು ಸೆಕೆಂಡಿಗೆ ಒಂದೆರಡರಂತೆ ಅವು ಸದಾ ತೂರಿಹೋಗುತ್ತಿವೆ. ಇವು ನೆಲದೊಳಗೆ ಎಷ್ಟು ದೂರ ಇಳಿದಾವು? ಇದನ್ನು ಅರಿಯಲು ಹೋಮಿ ಭಾಭಾ ಅವರು 1951ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದ ತರುಣ ಬಿ. ವಿ. ಶ್ರೀಕಂಠನ್ ಅವರನ್ನು ಇಲ್ಲಿಗೆ ಕಳುಹಿಸಿದರು. ಮೈಸೂರು ಸೀಮೆಯವರೇ ಆದ ಶ್ರೀಕಂಠನ್ ಗಣಿಗಿಳಿದು ಕಣಗಳನ್ನೆಣಿಸಿದರು; ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾದರು.

ಅರವತ್ತರ ದಶಕದ ಆರಂಭದಲ್ಲಿ ಉಪಕರಣಗಳನ್ನು 2,700 ಮೀಟರಿಗೂ ಮಿಗಿಲಾದ ಆಳಕ್ಕೆ ಒಯ್ದರು. ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ಲೋಕರೂಢಿಯಲ್ಲಿ ಇದು ಬರಿಗೈ; ವಿಜ್ಞಾನಿಗಳಿಗೆ ಮಾತ್ರ ಇದೇ ನಿಧಿ. ಏಕೆಂದರೆ ಮ್ಯೂಆನುಗಳ ಒಡಹುಟ್ಟಾದ ನ್ಯೂಟ್ರಿನೋಗೆ ಇಡೀ ಭೂಮಿಯೂ ಅಡ್ಡಿಯಲ್ಲ. ಎಲ್ಲೋ ಒಮ್ಮೆ ಅದು ಬಂಡೆಯನ್ನು ತಾಕಿದರೆ ಅಲ್ಲಿಯೇ ಹೊಸ ಮ್ಯೂಆನ್ ಹುಟ್ಟುತ್ತದೆ. ಸಂತೆಯ ಗದ್ದಲದಲ್ಲಿ ಕೇಳಿಸದ ಪಿಸುಮಾತು ಆ ಆಳದ ಮೌನದಲ್ಲಿ ಕೇಳಿಸಬಹುದಾಗಿತ್ತು.

ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಭಾರತ, ಇಂಗ್ಲೆಂಡಿನ ಡರ್ಹಾಂ ಮತ್ತು ಜಪಾನಿನ ಒಸಾಕ ನಗರಗಳ ವಿಜ್ಞಾನಿಗಳು ಶೋಧಕಗಳನ್ನು ಗೋಡೆಗಳಂತೆ ಎದುರುಬದುರಾಗಿ ನಿಲ್ಲಿಸಿದರು. ಮೇಲಿನಿಂದಲ್ಲ, ಅಡ್ಡಲಾಗಿ ಹಾದುಬರುವ ಕಣವನ್ನು ಹಿಡಿಯುವುದು ಉದ್ದೇಶ. ಅಡ್ಡದಾರಿಯ ಅಷ್ಟು ದಪ್ಪ ಬಂಡೆಯನ್ನು ಭೇದಿಸಿ ಬರಲು ಆಕಾಶದ ಮ್ಯೂಆನಿಗೆ ಅಸಾಧ್ಯ. 1965ರಲ್ಲಿ ಅಂತಹ ಕಣಗಳು ಕಂಡವು. ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದನ್ನು ಕಂಡಿತು. ಅಚ್ಚಿನಲ್ಲಿ ಮಾತ್ರ ಕೋಲಾರವೇ ಎರಡು ವಾರ ಮುಂದಾಯಿತು.

ಈ ಕೀರ್ತಿಯಲ್ಲಿ ಇನ್ನೊಂದು ಪಾಲಿದೆ. ಆ ಆಳವನ್ನು ತೋಡಿದವರು ವಿಜ್ಞಾನಿಗಳಲ್ಲ. ಬಹುಪಾಲು ತಮಿಳು, ತೆಲುಗು ಸೀಮೆಗಳಿಂದ ಬಂದ ಕೂಲಿಕಾರರು ತಲೆಮಾರುಗಟ್ಟಲೆ ಬೇಗೆಯಲ್ಲಿ ಬೆಂದು, ಬಂಡೆಸಿಡಿತಕ್ಕೆ ಪ್ರಾಣ ತೆತ್ತು ಅಗೆದದ್ದು ಅದು. ವಿಜ್ಞಾನ ಅಲ್ಲಿ ಬಿಡಾರ ಹೂಡಿತ್ತು, ಅಷ್ಟೆ. ಎಂಬತ್ತರ ದಶಕದಲ್ಲಿ ಪ್ರೋಟಾನ್ ಅಳಿಯುವುದೇ ಎಂಬ ಪರೀಕ್ಷೆಯೂ ಇಲ್ಲಿ ನಡೆಯಿತು. ತೊಂಬತ್ತರ ದಶಕದ ಆರಂಭಕ್ಕೆ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಗಳೂ ಮುಚ್ಚಿದವು.

ಜಪಾನಿನ ಕಾಮಿಯೋಕ ಗಣಿಯಲ್ಲಿಯೂ 2001ರಲ್ಲಿಯೇ ಅದಿರು ತೆಗೆಯುವುದು ನಿಂತಿತು. ಆದರೆ ಅಲ್ಲಿಯ ಪ್ರಯೋಗಶಾಲೆ ಇಂದಿಗೂ ಜೀವಂತ. ಕೋಲಾರದಲ್ಲಿ ಸುಳಿವು ಕೊಟ್ಟ ಅದೇ ಬಗೆಯ ನ್ಯೂಟ್ರಿನೋಗಳು ರೂಪ ಬದಲಿಸುತ್ತವೆಂದು 1998ರಲ್ಲಿ ಅಲ್ಲಿ ಸಿದ್ಧವಾಯಿತು; 2015ರ ನೊಬೆಲ್ ಪಾರಿತೋಷಕದಲ್ಲಿ ಆ ಶೋಧಕ್ಕೂ ಪಾಲು ದೊರೆಯಿತು. ಅಲ್ಲಿ ಬೆಟ್ಟದೊಳಕ್ಕೆ ಸುರಂಗದಲ್ಲಿ ನಡೆದುಹೋಗಬಹುದು. ಇಲ್ಲಿಯದು ನೇರವಾಗಿ ಇಳಿಯುವ ಬಾವಿ; ಪಂಪು ನಿಂತರೆ ನೀರು ಏರುತ್ತದೆ.

ನೀರು ಏರಿಯೂ ಏರಿತು. ಶ್ರೀಕಂಠನ್ ಅವರು 2019ರಲ್ಲಿ ತೀರಿಕೊಂಡರು. ಮಾರಿಕುಪ್ಪಂವರೆಗೆ ಹೋಗುವ ಓದುಗರು ತುಕ್ಕು ಹಿಡಿದ ಗಣಿಗೋಪುರಗಳ ಮುಂದೆ ಕ್ಷಣಕಾಲ ನಿಲ್ಲಲಿ. ಚಿನ್ನ ಮುಗಿದ ಗಣಿಯಲ್ಲಿ ಉಪಯೋಗಕ್ಕೆ ಬರುವಂಥದು ಇನ್ನೂ ಇತ್ತು. ಅದರ ಬೆಲೆಯನ್ನು ಲೆಕ್ಕಕ್ಕೆ ಹಿಡಿದವರು ಇರಲಿಲ್ಲ.