ರಕ್ತದ ಕಾವಲುಗಾರ ಹೊರಬರುವ ಬಗೆ

ಭಾರತೀನಗರದ ಸುತ್ತಮುತ್ತ ಕಬ್ಬಿನ ಕಟಾವು ಶುರುವಾಯಿತೆಂದರೆ, ಗದ್ದೆಗೆ ಇಳಿದ ಮಕ್ಕಳ ಕೈಕಾಲುಗಳಲ್ಲಿ ಗೀರುಗಳು ಮೂಡುತ್ತವೆ. ಕಬ್ಬಿನ ಗರಿಯ ಅಂಚು ಗರಗಸದಂತಹುದು. ಮರುದಿನ ಗಾಯದ ಸುತ್ತ ಕೆಂಪು, ಬಿಸಿ, ಊತ, ನೋವು. ‘ನಂಜಾಯ್ತು’ ಎಂದು ತಾಯಂದಿರು ಗಾಬರಿಪಡುತ್ತಾರೆ. ಆದರೆ ಈ ಉರಿಯೂತ ದೇಹದ ಕಾವಲುಪಡೆ ಕೆಲಸಕ್ಕಿಳಿದ ಗುರುತೂ ಹೌದು.

ಬಿಳಿ ರಕ್ತಕಣಗಳೇ ಆ ಪಡೆ. ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು ಸುಮಾರು 4,000ದಿಂದ 11,000 ಇರುತ್ತವೆ. ಆದರೆ ರೋಗಾಣು ಸೇರಿಕೊಂಡಿರುವುದು ರಕ್ತನಾಳದ ಹೊರಗೆ. ಹರಿಯುವ ರಕ್ತದಲ್ಲಿ ತೇಲಿಹೋಗುವ ಕಣ ಸರಿಯಾದ ಜಾಗದಲ್ಲೇ ಇಳಿಯುವುದು ಹೇಗೆ?

ನಾಲೆಯಲ್ಲಿ ತೇಲಿಬರುವ ಎಲೆ ದಡದ ಹುಲ್ಲಿಗೆ ತಗುಲಿ ನಿಧಾನವಾಗುವುದನ್ನು ನೀವು ನೋಡಿರಬಹುದು. ಇಲ್ಲಿಯೂ ಹಾಗೆಯೇ. ಗಾಯದ ಬಳಿಯ ಜೀವಕೋಶಗಳು ರಾಸಾಯನಿಕ ಸುದ್ದಿ ಕಳಿಸುತ್ತವೆ. ಆಗ ಅಲ್ಲಿನ ಕಿರುನಾಳಗಳ ಒಳಗೋಡೆಯಲ್ಲಿ ‘ಸೆಲೆಕ್ಟಿನ್’ ಎಂಬ ಪ್ರೋಟೀನುಗಳು ತಲೆಯೆತ್ತುತ್ತವೆ. ಅವುಗಳಿಗೆ ತಗುಲಿದ ಬಿಳಿಕಣ ಗೋಡೆಯ ಮೇಲೆ ಉರುಳತೊಡಗುತ್ತದೆ. ಬಳಿಕ ತನ್ನ ಮೈಮೇಲಿನ ‘ಇಂಟಿಗ್ರಿನ್’ನಿಂದ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ ಮೈ ಕುಗ್ಗಿಸಿ, ಗೋಡೆಯ ಕೋಶಗಳ ಸಂದಿನಿಂದ ನುಸುಳಿ ಹೊರಬಂದು, ಸುದ್ದಿ ಬಂದ ದಿಕ್ಕಿಗೆ ತೆವಳಿ ರೋಗಾಣುಗಳನ್ನು ನುಂಗುತ್ತದೆ. ಹೀಗೆ ಹೋರಾಡಿ ಸತ್ತ ಕಣಗಳೇ ಕೀವಿನ ಬಹುಭಾಗ.

ಜರ್ಮನಿಯ ಜೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ರಕ್ತನಾಳದಿಂದ ಬಿಳಿಕಣ ಹೊರಬರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು. 1882ರಲ್ಲಿ ರಷ್ಯಾದ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿದ್ದವು. ಈ ದಾರಿಯ ಸಂಶೋಧನೆಗಾಗಿ ಅವರಿಗೆ 1908ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಹಾಗಾದರೆ ರಕ್ತದಲ್ಲಿ ಬಿಳಿಕಣ ಹೆಚ್ಚಿದ್ದರೆ ಸಾಕೇ? ಸಾಲದು. ಅಪರೂಪಕ್ಕೆ ಕೆಲವು ಮಕ್ಕಳು ಇಂಟಿಗ್ರಿನ್‌ನ ಕೊರತೆಯೊಂದಿಗೆ ಹುಟ್ಟುತ್ತಾರೆ. ಅವರ ರಕ್ತದಲ್ಲಿ ಬಿಳಿಕಣಗಳು ಹಲವು ಪಟ್ಟು ಇರುತ್ತವೆ, ಗಾಯದಲ್ಲಿ ಮಾತ್ರ ಕೀವೇ ಕಟ್ಟುವುದಿಲ್ಲ. ಸೈನ್ಯವಿದೆ, ಕೋಟೆಯ ಬಾಗಿಲು ದಾಟುವಂತಿಲ್ಲ! ಪದೇ ಪದೇ ಸೋಂಕು ತಗಲಿ ಜೀವಕ್ಕೇ ಅಪಾಯ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಈ ರೋಗ ತಲೆದೋರುತ್ತದೆ. ಆದ್ದರಿಂದ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ತೀವ್ರ ರೂಪದ ರೋಗಕ್ಕೆ ಅಸ್ಥಿಮಜ್ಜೆಯ ಕಸಿ ಮಾಡಬೇಕಾಗುತ್ತದೆ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಉದುರುವ ಹೊಕ್ಕುಳಬಳ್ಳಿ ಮೂರು ವಾರ ಕಳೆದರೂ ಉದುರದಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಿ. ಗೀರುಗಾಯಕ್ಕೆ ಕಾಫಿಪುಡಿ ಮೆತ್ತದೆ ಶುದ್ಧ ನೀರು, ಸೋಪಿನಿಂದ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಮರೆಯಬೇಡಿ. ಕೆಂಪು ಹರಡುತ್ತ ಹೋದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದ ಕೆಲಸ ಕಾವಲುಗಾರನದು.