ನಿದ್ರಾಸನ

ಕುಂಭಕರ್ಣನು ಬ್ರಹ್ಮನ ಮುಂದೆ ನಿಂತು ಇಂದ್ರಾಸನವನ್ನು ಬೇಡಬೇಕೆಂದಿದ್ದವನು, ಸರಸ್ವತಿಯು ನಾಲಗೆಯನ್ನು ತೊಡರಿಸಿದ್ದರಿಂದ ನಿದ್ರಾಸನವನ್ನು ಬೇಡಿಬಿಟ್ಟನೆಂದು ಹರಿಕಥೆಯ ದಾಸರು ಹೇಳುವುದುಂಟು. ಆ ಒಂದು ತೊದಲಿನಿಂದ ಅವನಿಗೆ ಆರು ತಿಂಗಳ ಗಾಢನಿದ್ರೆ ಲಭಿಸಿತು. ಬಸವನಗುಡಿಯ ರಾಯರಾದರೋ, ತಪ್ಪಿಲ್ಲದೆ ಹೆಸರು ಹೇಳಿ, ಕೈತುಂಬ ಹಣ ತೆತ್ತು, ಅಮೆರಿಕದ ಪ್ರಯಾಣಕ್ಕೆಂದು ವಿಮಾನದಲ್ಲಿ ಒಂದು ಆಸನವನ್ನು ಪಡೆದುಕೊಂಡರು. ಅಲ್ಲಿ ಊಟವಿತ್ತು, ಸಿನಿಮಾ ಇತ್ತು, ಕಂಬಳಿಯೂ ಇತ್ತು; ನಿದ್ರೆಯೊಂದು ಮಾತ್ರ ಇರಲಿಲ್ಲ.

ಅದು 2019ರ ಮಾತು. ರಾಯರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಲೆಕ್ಕದಲ್ಲಿ ಎಷ್ಟು ಗಟ್ಟಿಯೋ ನಿದ್ರೆಯಲ್ಲಿ ಅಷ್ಟೇ ಹಗುರ. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕಿದರೆ ಎಚ್ಚರ. ಧಾರವಾಡಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ ಪ್ರತಿ ನಿಲ್ದಾಣದ ಹೆಸರನ್ನೂ ಓದಿಕೊಂಡೇ ಹೋಗುವವರು. ಅಂಥವರು ಮಗಳ ಬಾಣಂತನಕ್ಕೆಂದು ಮಡದಿಯೊಡನೆ ಸಾನ್ ಫ್ರಾನ್ಸಿಸ್ಕೋಗೆ ಹೊರಡಬೇಕಾಯಿತು. ದುಬೈವರೆಗೆ ನಾಲ್ಕು ಗಂಟೆ, ಅಲ್ಲಿಂದ ಮುಂದೆ ಹದಿನಾರು ಗಂಟೆ. ಇದನ್ನು ಕೇಳಿದ ಪಕ್ಕದ ಮನೆಯ ವಕೀಲರು ತಮ್ಮ ಪೆಟ್ಟಿಗೆಯಿಂದ ಎರಡು ಮಾತ್ರೆಗಳನ್ನು ಕತ್ತರಿಸಿ ಕೊಟ್ಟರು. "ಒಂದನ್ನು ನುಂಗಿ, ರಾಯರೇ. ಕಣ್ಣು ಬಿಟ್ಟರೆ ಅಮೆರಿಕ!" ಎಂದು ಆಶೀರ್ವಾದವನ್ನೂ ಮಾಡಿದರು. ಮಾತ್ರೆಯ ಹೆಸರನ್ನು ರಾಯರು ಕೇಳಲಿಲ್ಲ. ಉಪಕಾರ ಮಾಡುವವರನ್ನು ಅಷ್ಟೆಲ್ಲ ಪ್ರಶ್ನಿಸುವುದು ಅವರ ಸ್ವಭಾವವಲ್ಲ.

ಎರಡನೆಯ ವಿಮಾನವೇರಿ, ಊಟದ ತಟ್ಟೆಗಳು ಹಿಂದಕ್ಕೆ ಹೋದ ಬಳಿಕ ರಾಯರು ಒಂದು ಮಾತ್ರೆಯನ್ನು ನುಂಗಿದರು. ಸ್ವಲ್ಪ ಹೊತ್ತಿನಲ್ಲೇ ಗೊರಕೆ ಕೇಳಿಸಿತು. ಮಡದಿ ಸಮಾಧಾನದಿಂದ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಕ್ಕದ ಆಸನ ಬರಿದಾಗಿತ್ತು. ರಾಯರು ನಾಲ್ಕು ಸಾಲು ಮುಂದೆ ನಿಂತು, ಮಲಗಿದ್ದ ಪರಕೀಯನೊಬ್ಬನ ಭುಜವನ್ನು ತಟ್ಟುತ್ತ, "ಏಳಿ ಸ್ವಾಮಿ, ಗಾಂಧಿ ಬಜಾರು ಬಂತು. ಇಳಿಯೋದಿಲ್ಲವೆ?" ಎಂದು ವಿಚಾರಿಸುತ್ತಿದ್ದರು. ಕಣ್ಣು ತೆರೆದಿತ್ತು, ನೋಟದಲ್ಲಿ ಗುರುತಿರಲಿಲ್ಲ. ಆಕೆ ಕೈಹಿಡಿದು ಕರೆತಂದು ಕೂರಿಸಿದರು. ಮತ್ತೆ ಎದ್ದಾರೆಂಬ ಭಯದಿಂದ ಅವರ ಅಂಗಿಯ ಚುಂಗನ್ನು ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು. ಮದುವೆಯ ದಿನ ಪುರೋಹಿತರು ಹಾಕಿದ್ದ ಗಂಟಿನ ತರುವಾಯ ಅದು ಎರಡನೆಯದು. ಉಳಿದ ರಾತ್ರಿಯನ್ನೆಲ್ಲ ಆಕೆ ಕಾವಲು ಕುಳಿತೇ ಕಳೆದರು. ಆದರೂ, ಆಕೆ ಗಂಟು ಬಿಚ್ಚಿ ಮುಖ ತೊಳೆಯಲೆಂದು ಎದ್ದುಹೋದ ಹೊತ್ತಿನಲ್ಲಿ, ಅರೆ ಎಚ್ಚರಗೊಂಡ ರಾಯರು ಎರಡನೆಯ ಮಾತ್ರೆಯನ್ನೂ ನುಂಗಿಬಿಟ್ಟಿದ್ದರು.

ಮಗು ಎರಡು ವಾರ ಮುಂಚಿತವಾಗಿ, ಇವರು ಆಕಾಶದಲ್ಲಿದ್ದಾಗಲೇ ಜನಿಸಿತ್ತು. ಅಳಿಯ ನಿಲ್ದಾಣದಿಂದ ನೇರವಾಗಿ ಆಸ್ಪತ್ರೆಗೆ ಕರೆದೊಯ್ದ. ರಾಯರು ನಡೆದರು, ಮಾತನಾಡಿದರು, ಅಧಿಕಾರಿಗಳ ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಮೊಮ್ಮಗಳನ್ನು ಎತ್ತಿಕೊಂಡರು. ಅಳಿಯ ತೆಗೆದ ಚಿತ್ರದಲ್ಲಿ ಅವರ ಕಣ್ಣುಗಳಲ್ಲಿ ನೀರೂ ಇದೆ. ಆದರೆ ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ರಾಯರು ಕೇಳಿದ್ದು ಒಂದೇ ಮಾತು: "ಮಗುವನ್ನು ನೋಡೋಕೆ ಯಾವಾಗ ಹೋಗೋಣ?"

ಮೇಜಿನ ಸುತ್ತ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಹದಿನಾರು ಗಂಟೆಗಳ ಬೇಸರವನ್ನು ನುಂಗಲೆಂದು ತೆಗೆದುಕೊಂಡ ಮಾತ್ರೆ, ಬಾಳಿನಲ್ಲಿ ಒಮ್ಮೆ ಮಾತ್ರ ಬರುವ ಹತ್ತು ನಿಮಿಷಗಳನ್ನೂ ಸೇರಿಸಿ ನುಂಗಿತ್ತು.

ಇದು ರಾಯರೊಬ್ಬರಿಗೇ ಒದಗಿದ ವಿಚಿತ್ರವೇನಲ್ಲ. ನಿದ್ರೆ ಮಾತ್ರೆ ನುಂಗಿ ವಿಮಾನವಿಳಿದ ಪ್ರಯಾಣಿಕರು, ಎಚ್ಚರದಿಂದ ನಡೆದಾಡಿದ ಗಂಟೆಗಳನ್ನೇ ಮರೆತುಬಿಡುವುದನ್ನು ಅಮೆರಿಕದ ವೈದ್ಯಪತ್ರಿಕೆಯೊಂದು 1987ರಲ್ಲಿಯೇ 'ಪ್ರಯಾಣಿಕರ ಮರೆವು' ಎಂದು ಹೆಸರಿಟ್ಟು ಪ್ರಕಟಿಸಿತ್ತು. ವಕೀಲರು ಕೊಟ್ಟದ್ದು ಜೋಲ್ಪಿಡೆಮ್ ಎಂಬ ಮಾತ್ರೆಯೆಂದು ಊರಿಗೆ ಮರಳಿದ ಮೇಲೆ ತಿಳಿಯಿತು. ನಿದ್ರೆಯಲ್ಲೇ ಎದ್ದು ನಡೆಯುವ, ವಾಹನ ಓಡಿಸುವ ಅಪಾಯವುಂಟೆಂದು ಅದರ ಮೇಲೆ ಕಠಿಣವಾದ ಎಚ್ಚರಿಕೆಯನ್ನು ಅಚ್ಚುಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಆಜ್ಞೆ ಮಾಡಿದ್ದು ಅದೇ 2019ರ ಏಪ್ರಿಲ್ ತಿಂಗಳಿನಲ್ಲಿ. 2013ರಲ್ಲಿ ಅದೇ ಇಲಾಖೆ ಹೆಂಗಸರಿಗೆ ಸೂಚಿಸುವ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿತ್ತು. ಮನೆಯ ಯಜಮಾನನ ಮಾತ್ರೆ ಯಜಮಾನಿಗೇ ಹೊಂದದೆಂದಮೇಲೆ, ಪಕ್ಕದ ಮನೆಯವರದು ಹೊಂದೀತೆಂದು ನಂಬುವುದು ಹೇಗೆ?

ಐದು ವರ್ಷಗಳು ಉರುಳಿದವು. 2024ರಲ್ಲಿ ಮಗಳು ಮತ್ತೆ ಗರ್ಭಿಣಿಯಾಗಿದ್ದಳು. ಜೂನ್ ತಿಂಗಳಿಗೆ ಚೀಟಿ ಕಾದಿರಿಸಿದ್ದಾಯಿತು. ಎಪ್ಪತ್ತನ್ನು ದಾಟಿದ್ದ ರಾಯರ ನಿದ್ರೆ ಈಗ ಇಡೀ ಬಂಧುವರ್ಗದ ಚಿಂತೆಯಾಯಿತು.

ರಾಯರ ಅಕ್ಕಯ್ಯ ಗಸಗಸೆಯ ಪೊಟ್ಟಣವನ್ನೇ ತಂದರು. "ಹೊರಡೋ ದಿನ ಪಾಯಸ ಕುಡಿದು ಹೋಗೋ, ಉಳಿದದ್ದನ್ನು ಮಗಳಿಗೆ ತೆಗೆದುಕೊಂಡು ಹೋಗು" ಎಂದರು. ಗಸಗಸೆ ಪಾಯಸ ಕುಡಿದ ಮಧ್ಯಾಹ್ನ ಜಮಖಾನದ ಮೇಲೆ ಸಾಲಾಗಿ ಉರುಳಿದ ಬೀಗರನ್ನು ಕಾಣದ ಕನ್ನಡಿಗರಿಲ್ಲ. ಆದರೆ ಆ ಪೊಟ್ಟಣ ದುಬೈ ಮಾರ್ಗವಾಗಿ ಹೋಗತಕ್ಕದ್ದಲ್ಲ. ಅಲ್ಲಿ ಗಸಗಸೆ ಅಫೀಮಿನ ಗಿಡದ ಬೀಜವೆಂದು ನಿಷಿದ್ಧ. ಅಡುಗೆಮನೆಯ ಡಬ್ಬಿಯಲ್ಲಿ ಸಾಧುವಾಗಿರುವ ವಸ್ತು ಇನ್ನೊಂದು ದೇಶದ ಸುಂಕದ ಕಟ್ಟೆಯಲ್ಲಿ ಅಪರಾಧಿಯಾಗಬಲ್ಲುದು. ಮಗಳು ಫೋನಿನಲ್ಲಿ ಕಿರುಚಿಕೊಂಡ ಮೇಲೆ ಪೊಟ್ಟಣ ಅಕ್ಕಯ್ಯನ ಮನೆಗೆ ಮರಳಿತು.

ಜಾಜಿಕಾಯಿ ತೇದು ಹಾಲಿನಲ್ಲಿ ಕುಡಿಯಿರೆಂದವರೊಬ್ಬರು. ಚಿಟಿಕೆಯಷ್ಟಾದರೆ ಬಾಧಕವಿಲ್ಲ; ಚಮಚಗಳ ಲೆಕ್ಕಕ್ಕೆ ಹೋದರೆ ಅದು ಭ್ರಮೆಯನ್ನು ತರುವ ವಿಷ. ನೆಗಡಿಯ ಮಾತ್ರೆಯೇ ಸಾಕು, ಅಮೆರಿಕದಲ್ಲಿ ಎಲ್ಲರೂ ಅದನ್ನೇ ನುಂಗುತ್ತಾರೆಂದು ಇನ್ನೊಬ್ಬರು. ಅಳಿಯನ ಸೋದರ ಗುಟ್ಟಾಗಿ, "ವಿಮಾನದಲ್ಲಿ ವೈನ್ ಪುಕ್ಕಟೆ ಕೊಡುತ್ತಾರೆ ಮಾವ, ಎರಡು ಲೋಟ ಔಷಧವೆಂದು ಕುಡಿಯಿರಿ" ಎಂದ. ವಕೀಲರು ಮಾತ್ರ ಈ ಬಾರಿ ಬೇಲಿಯಾಚೆಯಿಂದಲೇ ಕುಶಲ ವಿಚಾರಿಸಿ ಒಳಗೆ ಹೋದರು.

ಕೊನೆಗೆ ರಾಯರು ಕುಟುಂಬದ ವೈದ್ಯರ ಬಳಿಗೆ ಹೋದರು. ಹೋಗಿದ್ದರೆ ಐದು ವರ್ಷಗಳ ಹಿಂದೆಯೇ ಹೋಗಬೇಕಾಗಿತ್ತು. ಜೋಲ್ಪಿಡೆಮ್, ಆಲ್ಪ್ರಜೋಲಮ್ ಮೊದಲಾದವು ಭಾರತದಲ್ಲಿ 2014ರಿಂದ 'ಎಚ್1' ಪಟ್ಟಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದುದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಬೇಲಿಯ ಮೇಲಿಂದ ಹಂಚಿಕೊಳ್ಳತಕ್ಕ ಕರಿಬೇವಲ್ಲ ಅವು.

ವೈದ್ಯರು ಎಲ್ಲವನ್ನೂ ಕೇಳಿದರು. "ರಾಯರೇ, ಮನೆಯ ಮಂಚದ ಮೇಲಿನ ನಿದ್ರೆ ಬೇರೆ, ವಿಮಾನದ ನಿದ್ರೆ ಬೇರೆ. ಬಲವಾದ ಮಾತ್ರೆ ನುಂಗಿದವನು ಮಂಚದ ಮೇಲೆ ಹೊರಳುತ್ತಾನೆ, ಕುರ್ಚಿಯಲ್ಲಿ ಹೊರಳುವುದಕ್ಕೆ ಜಾಗವಿಲ್ಲ" ಎಂದರು.

ಮಾತು ಸಣ್ಣದು, ವಿಷಯ ದೊಡ್ಡದು. ಕಾಲು ಜೋತುಬಿಟ್ಟು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ನಾಲ್ಕು ಗಂಟೆಗಳಿಗಿಂತ ದೀರ್ಘವಾದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಹೆಚ್ಚಿದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಗೆ ಒಬ್ಬರಂತೆ, ಹೆದರಬೇಕಾದಷ್ಟಿಲ್ಲ. ಆದರೆ ಗಂಟೆಗೊಮ್ಮೆ ಏಳಬೇಕಾದವನನ್ನು ಏಳದಂತೆ ಕಟ್ಟಿಹಾಕುವ ಔಷಧವನ್ನು ಬೇಡಿ ನುಂಗುವುದೇಕೆ?

ವೈನಿನ ವಿಚಾರವನ್ನೂ ರಾಯರು ಸಂಕೋಚದಿಂದ ಕೇಳಿದರು. ಹಾರುವ ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಗಾಳಿಯಷ್ಟೇ ತೆಳುವಾಗಿರುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ರಾತ್ರಿಯೆಲ್ಲ ಕುಳಿತಂತೆ. ಜರ್ಮನಿಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಂಥ ತೆಳುಗಾಳಿಯಲ್ಲಿ ಮದ್ಯ ಸೇವಿಸಿ ಮಲಗಿದ ಆರೋಗ್ಯವಂತ ತರುಣರ ರಕ್ತದ ಆಮ್ಲಜನಕ ಶೇಕಡ 85ರ ಸುಮಾರಿಗೆ ಇಳಿದು, ನಾಡಿ ನಿಮಿಷಕ್ಕೆ 88ರವರೆಗೆ ಏರಿತ್ತು. ತರುಣರ ಪಾಡೇ ಹೀಗಾದರೆ ಎಪ್ಪತ್ತರ ರಾಯರ ಪಾಡೇನು! ನೆಗಡಿಯ ಮಾತ್ರೆಗೂ ವೈದ್ಯರು ತಲೆಯಾಡಿಸಿದರು. ಡೈಫೆನ್‌ಹೈಡ್ರಮಿನ್ ಎಂಬ ಆ ಔಷಧ ವಯಸ್ಸಾದವರಲ್ಲಿ ಬುದ್ಧಿಯನ್ನು ಕಲಕುತ್ತದೆ, ಬಾಯಿಯನ್ನು ಒಣಗಿಸುತ್ತದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಿರುವ ರಾಯರಂಥವರಿಗೆ ಮೂತ್ರವನ್ನೇ ಕಟ್ಟಿಬಿಡಬಲ್ಲುದು.

"ಹಾಗಾದರೆ ನನಗೆ ಯಾವ ಮಾತ್ರೆಯೂ ಇಲ್ಲವೆ?" ಎಂದು ರಾಯರು ಕಂಗಾಲಾದರು.

"ಇದೆ. ಆದರೆ ಅದು ವಿಮಾನಕ್ಕಲ್ಲ, ಇಳಿದ ಮೇಲಿನ ರಾತ್ರಿಗಳಿಗೆ."

ಅದು ಮೆಲಟೋನಿನ್. ಕತ್ತಲಾದೊಡನೆ ಮೆದುಳಿನ ಪುಟ್ಟ ಗ್ರಂಥಿಯೊಂದು ತಾನಾಗಿಯೇ ಸ್ರವಿಸುವ ವಸ್ತು. ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್ ಎಂಬ ವೈದ್ಯರು 1958ರಲ್ಲಿ ಅದನ್ನು ದನದ ಗ್ರಂಥಿಗಳಿಂದ ಬೇರ್ಪಡಿಸಿ ಹೆಸರಿಟ್ಟರು. ಅದು ನಿದ್ರೆಯನ್ನು ಜುಟ್ಟು ಹಿಡಿದು ಎಳೆತರುವ ಭಟನಲ್ಲ. ಸಂಜೆಯಾಯಿತೆಂದು ದೇಹಕ್ಕೆ ಸಾರಿ ಹೇಳುವ ಡಂಗುರದವನು. ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೋಗೂ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರ. ಇಲ್ಲಿಯ ಹಗಲು ಅಲ್ಲಿಯ ಇರುಳು. ಆ ಊರಿನ ಮಲಗುವ ವೇಳೆಗೆ ಸರಿಯಾಗಿ ಸಣ್ಣ ಪ್ರಮಾಣವನ್ನು ಕೆಲವು ರಾತ್ರಿ ತೆಗೆದುಕೊಂಡರೆ ದೇಹದ ಗಡಿಯಾರ ಬೇಗ ಹೊಂದಿಕೊಳ್ಳುತ್ತದೆ. ಅರ್ಧದಿಂದ ಐದು ಮಿಲಿಗ್ರಾಮಿನೊಳಗಿನ ಪ್ರಮಾಣಕ್ಕೆ ಗುಣವುಂಟೆಂದು 2002ರ ವಿಮರ್ಶೆಯೊಂದು ತೋರಿಸಿದೆ. ಅಮೆರಿಕದ ಅಂಗಡಿಗಳಲ್ಲಿ ಅದು ಚೀಟಿಯಿಲ್ಲದೆ ಸಿಕ್ಕುತ್ತದೆ; ಆದರೆ ಕೆನಡಾದಲ್ಲಿ ಮಾರುವ 31 ಬಗೆಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚಿನವುಗಳಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಿರಲಿಲ್ಲ. ವೈದ್ಯರು ರಾಯರ ಉಳಿದ ಔಷಧಗಳನ್ನು ನೋಡಿಕೊಂಡು ಸಣ್ಣ ಪ್ರಮಾಣವನ್ನು ಬರೆದುಕೊಟ್ಟರು. ಹೊರಡುವ ಮುನ್ನ ಮನೆಯಲ್ಲೇ ಒಂದು ರಾತ್ರಿ ಪರೀಕ್ಷಿಸಿ ನೋಡಿರೆಂದೂ, ಚೀಟಿಯನ್ನು ಜೊತೆಯಲ್ಲೇ ಇಟ್ಟುಕೊಳ್ಳಿರೆಂದೂ ಹೇಳಿದರು.

"ವಿಮಾನದಲ್ಲಿ ನಿದ್ರೆ ಬಾರದಿದ್ದರೆ?"

"ಬಾರದಿದ್ದರೆ ಬೇಡ, ಬಿಡಿ. ಒಂದು ರಾತ್ರಿ ಎಚ್ಚರವಿದ್ದು ಯಾರೂ ಕೆಟ್ಟಿಲ್ಲ. ಶಿವರಾತ್ರಿ ಮಾಡುವುದಿಲ್ಲವೆ?"

ಈ ಒಂದು ಮಾತು ರಾಯರ ಎದೆಯ ಭಾರವನ್ನು ಇಳಿಸಿತು. ಮಲಗಲೇಬೇಕೆಂಬ ಹಟವೇ ಅವರ ಅರ್ಧ ನಿದ್ರೆಯನ್ನು ಇದುವರೆಗೆ ಕೆಡಿಸುತ್ತಿತ್ತು.

ಪ್ರಯಾಣದ ದಿನ ರಾಯರು ಮಧ್ಯಾಹ್ನದಿಂದಲೇ ಕಾಫಿಯನ್ನು ಬಿಟ್ಟರು. ಮಡದಿಗೆ ಕಿಟಕಿಯ ಪಕ್ಕ, ತಮಗೆ ಓಡಾಡುವ ದಾರಿಯ ಪಕ್ಕ. ಕಿವಿಗೆ ಹತ್ತಿ, ಕಣ್ಣಿಗೆ ಕಪ್ಪು ಪಟ್ಟಿ, ಕೊರಳಿಗೆ ದಿಂಬು. ಎರಡನೆಯ ವಿಮಾನ ಹತ್ತಿದೊಡನೆ ಕೈಗಡಿಯಾರವನ್ನು ಮಗಳ ಊರಿನ ವೇಳೆಗೆ ತಿರುಗಿಸಿದರು. ದೀಪಗಳು ಆರಿದವು. ರಾಯರು ಕಣ್ಣು ಮುಚ್ಚಿದರು. ಅರ್ಧ ಗಂಟೆ ತೂಕಡಿಸಿದರು. ಎದ್ದು ಹಿಂದುಮುಂದು ನಡೆದು, ನೀರು ಕುಡಿದು ಮರಳಿ ಬಂದರು.

ಅವರ ಮಡದಿ ಇನ್ನೂ ಎಚ್ಚರವಾಗಿದ್ದರು. ಒಂದು ಕೈ ರಾಯರ ಆಸನದ ಅಂಚಿನಲ್ಲಿತ್ತು. ಯಾವ ಗಳಿಗೆಯಲ್ಲಿಯಾದರೂ ಹಿಡಿದುಕೊಳ್ಳಲು ಸಿದ್ಧವಾಗಿರುವಂಥ ಕೈ. ಅದನ್ನು ಕಂಡು ರಾಯರಿಗೆ ಐದು ವರ್ಷಗಳ ಹಿಂದಿನ ರಾತ್ರಿಯ ಇನ್ನೊಂದು ಲೆಕ್ಕ ಆಗ ತಾನೇ ಹೊಳೆಯಿತು. ತಾವು ಕಳೆದುಕೊಂಡ ಹತ್ತು ನಿಮಿಷಗಳ ವಿಚಾರ ಮನೆಮಂದಿಯೆಲ್ಲ ಮಾತನಾಡಿದ್ದರು. ಆಕೆ ಕಳೆದುಕೊಂಡ ನಿದ್ರೆಯನ್ನು ಯಾರೂ ಕೇಳಿರಲಿಲ್ಲ. ತಾವೂ ಕೇಳಿರಲಿಲ್ಲ.

"ನೀನು ಮಲಗು. ನಾನು ಎಚ್ಚರವಾಗಿಯೇ ಇರುತ್ತೇನೆ" ಎಂದರು.

"ಏನೂಂದ್ರೆ, ಮಾತ್ರೆ ಗೀತ್ರೆ ಏನೂ ತೊಗೊಂಡಿಲ್ಲ ತಾನೆ?"

"ಇಲ್ಲ, ನೋಡು" ಎಂದು ರಾಯರು ಜೇಬನ್ನು ಹೊರಮಗುಚಿ ತೋರಿಸಿದರು.

ಆಕೆ ನಕ್ಕು, ತಲೆಯನ್ನು ಅವರ ಹೆಗಲಿಗೆ ಒರಗಿಸಿದರು. ಐದು ನಿಮಿಷಗಳಲ್ಲಿ ಉಸಿರು ನಿಧಾನವಾಯಿತು. ಲಕ್ಷ್ಮಣನು ವನವಾಸದ ಹದಿನಾಲ್ಕು ವರ್ಷ ಎಚ್ಚರವಿದ್ದಾಗ, ಅವನ ಪಾಲಿನ ನಿದ್ರೆಯನ್ನು ಊರ್ಮಿಳೆ ಅರಮನೆಯಲ್ಲಿ ಮಲಗಿ ತೀರಿಸಿದಳೆಂದು ಹಳೆಯ ಹೆಂಗಸರು ಕಥೆ ಹೇಳುತ್ತಾರೆ. ರಾಯರು ಕಾಲಿನ ಬೆರಳುಗಳನ್ನು ಆಡಿಸುತ್ತ, ಹೆಗಲನ್ನು ಮಾತ್ರ ಅಲುಗಿಸದೆ, ಬಹಳ ಹೊತ್ತು ಹಾಗೆಯೇ ಕುಳಿತಿದ್ದರು.

ನಿಲ್ದಾಣದ ಬಾಗಿಲಲ್ಲಿ ಮಗಳು ತುಂಬುಬಸುರಿನಲ್ಲಿ ನಿಂತಿದ್ದಳು. ಐದರ ಮೊಮ್ಮಗಳು ಓಡಿಬಂದು ರಾಯರ ಕಾಲುಗಳನ್ನು ಅಪ್ಪಿಕೊಂಡಳು. ಕಣ್ಣು ಕೆಂಪಾಗಿದ್ದರೂ ರಾಯರು ಅವಳನ್ನು ಎತ್ತಿಕೊಂಡರು. ಭಾರ ಎಷ್ಟಿದೆ, ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಯಾವುದು, ಯಾವ ಹಲ್ಲು ಬಿದ್ದಿದೆ, ಎಲ್ಲವನ್ನೂ ಒಂದೊಂದಾಗಿ ಗಮನಿಸಿದರು.

"ಪ್ರಯಾಣ ಹೇಗಾಯಿತಪ್ಪಾ? ನಿದ್ರೆ ಬಂತೆ?" ಎಂದು ಮಗಳು ಆತಂಕದಿಂದ ಕೇಳಿದಳು.

"ಬಂತಮ್ಮ, ಚೆನ್ನಾಗಿ ಬಂತು. ನಿಮ್ಮಮ್ಮನಿಗೆ" ಎಂದರು ರಾಯರು.