ಹೊಸತರ ಸುದ್ದಿ, ಬಾಳಿಕೆಯ ಪ್ರಶ್ನೆ



ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಹಿರಿಯರ ಮಾತು ಇಂದಿನ ಗಣಕಯಂತ್ರ, ಮೊಬೈಲುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಗಣಕಯಂತ್ರದ ಹುಚ್ಚು ನನಗೆ ಹಿಡಿದು ಎರಡು ದಶಕಗಳೇ ಕಳೆದಿವೆ. ಪತ್ರಿಕೆಯನ್ನು ಬಿಡಿಸಿದರೆ ಕಣ್ಣು ಮೊದಲು ಹೋಗುವುದು ಹೊಸ ಯಂತ್ರಗಳ ಸುದ್ದಿಯ ಕಡೆಗೇ. ಕ್ಯಾಮೆರಾದ ಶಕ್ತಿ ಎಷ್ಟು, ತೆರೆ ಎಷ್ಟು ಅಗಲ, ಬೆಲೆಯಲ್ಲಿ ರಿಯಾಯಿತಿ ಎಷ್ಟು ಎಂಬ ವಿವರಗಳು ಅಲ್ಲಿ ಧಾರಾಳವಾಗಿರುತ್ತವೆ. ಆದರೆ ಆ ಯಂತ್ರ ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಸರಿಪಡಿಸಲು ಸಾಧ್ಯವೇ, ಅದರಲ್ಲಿ ನಾವು ಕೂಡಿಟ್ಟದ್ದು ಹತ್ತು ವರ್ಷಗಳ ನಂತರವೂ ತೆರೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಪರೂಪ. ಕೊಳ್ಳುವವನಿಗೆ ಬೇಕಾದ ಸುದ್ದಿ ಇದೇ ಎಂಬುದು ನನ್ನ ಅಭಿಪ್ರಾಯ.

ಒಂದು ನಿದರ್ಶನವನ್ನು ನೋಡೋಣ. ಅಮೆರಿಕದ ಹ್ಯೂಮೇನ್ ಎಂಬ ಸಂಸ್ಥೆ 2024ರ ಏಪ್ರಿಲ್‌ನಲ್ಲಿ 'ಎಐ ಪಿನ್' ಎಂಬ ಸಾಧನವನ್ನು ಗ್ರಾಹಕರ ಕೈಗಿತ್ತಿತು. ಅಂಗಿಯ ಎದೆಗೆ ಅಂಟಿಸಿಕೊಳ್ಳುವ ಪುಟ್ಟ ಯಂತ್ರವದು. ಕೇಳಿದ ಪ್ರಶ್ನೆಗೆ ದನಿಯಲ್ಲಿ ಉತ್ತರಿಸುತ್ತಿತ್ತು, ಅಂಗೈಯ ಮೇಲೆ ಬೆಳಕಿನ ಅಕ್ಷರಗಳನ್ನು ಮೂಡಿಸುತ್ತಿತ್ತು. ಬೆಲೆ 699 ಡಾಲರ್. ಅದರ ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ಇನ್ನು ಮೊಬೈಲಿನ ಕಾಲ ಮುಗಿಯಿತೇನೋ ಎಂಬಂತೆ ಅದರ ವರ್ಣನೆ ನಡೆದಿತ್ತು. ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಎಚ್‌ಪಿ ಸಂಸ್ಥೆ ಹ್ಯೂಮೇನ್‌ನ ತಂತ್ರಜ್ಞಾನವನ್ನೂ ಸಿಬ್ಬಂದಿಯಲ್ಲಿ ಹಲವರನ್ನೂ 11.6 ಕೋಟಿ ಡಾಲರಿಗೆ ಪಡೆದುಕೊಂಡಿತು. ಅದೇ ತಿಂಗಳ 28ರಂದು ದೂರದ ಸರ್ವರುಗಳು ನಿಂತವು. ಅಂದಿನಿಂದ ಆ ಪಿನ್‌ನಲ್ಲಿ ಕರೆಯಿಲ್ಲ, ಸಂದೇಶವಿಲ್ಲ, ಪ್ರಶ್ನೆಗೆ ಉತ್ತರವೂ ಇಲ್ಲ. ಯಂತ್ರ ಒಡೆದಿರಲಿಲ್ಲ, ಸವೆದಿರಲಿಲ್ಲ. ಅದರ ಜೀವ ಮಾತ್ರ ಬೇರೆಯವರ ಕೈಯಲ್ಲಿತ್ತು. ಹಣ ಕೊಟ್ಟು ತಂದ ವಸ್ತು ನಿಜವಾಗಿ ಎಷ್ಟರಮಟ್ಟಿಗೆ ನಮ್ಮದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಇದು ಶ್ರೀಮಂತ ನಾಡಿನ ದುಬಾರಿ ಆಟಿಕೆಯ ಕಥೆ, ನಮಗೇನು ಎಂದು ತಾವು ಕೇಳಬಹುದು. ಆದರೆ ಇಂತಹುದೇ ಪ್ರಶ್ನೆ ನಮ್ಮ ಬೀದಿಯ ಮನೆಗಳಿಗೂ ಬಂದಿತು. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅಂದರೆ ಗಣಕಗಳು ಆ ದಿನ ಕೆಡಲಿಲ್ಲ. ತಂತ್ರಾಂಶದಲ್ಲಿ ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವ ತೇಪೆಗಳು ಎಂದಿನಂತೆ ಬರುವುದು ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳನ್ನು ಒದಗಿಸುವುದಾಗಿ ಸಂಸ್ಥೆ ಆಗ ತಿಳಿಸಿತು. ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ, ಇಂಟೆಲ್ ಗಣಕಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಸಂಸ್ಕಾರಕವನ್ನೂ ಕೇಳುತ್ತದೆ. ಆ ಎಂಟನೆಯ ತಲೆಮಾರು ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಗಣಕಗಳು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಪಂಕ್ತಿಯಿಂದ ಹೊರಗುಳಿದವು.

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರಲ್ಲಿ 2014ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಪತ್ರ ಬರೆಯಲು, ದುಬೈಯಲ್ಲಿರುವ ಮಗನ ಮುಖ ನೋಡಿ ಮಾತನಾಡಲು, ಮೊಮ್ಮಕ್ಕಳ ಚಿತ್ರಗಳನ್ನು ಕಾಪಾಡಲು ಅವರಿಗೆ ಅದು ಬೇಕು. "ಇದರ ಕಾಲ ಮುಗೀತು ಅಮ್ಮಾ, ಹೊಸದು ತಗೊಳ್ಳಿ" ಎಂದು ಅಂಗಡಿಯವರು ಹೇಳಿ ಕಳುಹಿಸಿದ್ದರಂತೆ. ಪಿಂಚಣಿಯಲ್ಲಿ ಬದುಕುವವರಿಗೆ ನಲವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಒಂದು ಎಸ್‌ಎಸ್‌ಡಿ, ಜೊತೆಗೆ ನಾಲ್ಕು ಜಿಬಿ ರ‍್ಯಾಮ್ ತಂದು ಜೋಡಿಸಿ, ಉಚಿತವಾಗಿ ದೊರೆಯುವ ಲಿನಕ್ಸ್ ಮಿಂಟ್ ಅನ್ನು ಸ್ಥಾಪಿಸಿದೆ. ಹೊಸ ಯಂತ್ರದ ಬೆಲೆಯ ಹತ್ತನೆಯ ಒಂದು ಭಾಗದಷ್ಟೂ ಖರ್ಚಾಗಲಿಲ್ಲ. ಲಿನಕ್ಸ್ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಕೆಲವು ಮುದ್ರಣಯಂತ್ರಗಳು ಅದಕ್ಕೆ ಒಗ್ಗುವುದಿಲ್ಲ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶಗಳು ಅದರಲ್ಲಿ ತೊಡಕು ಕೊಡುತ್ತವೆ. ಆದರೆ ಆ ತಾಯಿಗೆ ಬೇಕಾದುದೆಲ್ಲ ಅದರಲ್ಲಿದೆ. 'ಕಾಲ ಮುಗಿಯಿತು' ಎಂಬ ತೀರ್ಪನ್ನು ಮಾರುವವರ ಬಾಯಿಂದ ಕೇಳಿದಾಗ ಮತ್ತೊಮ್ಮೆ ವಿಚಾರಿಸುವುದು ಲೇಸು.

ಮೊಬೈಲಿನ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾದುದು. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ತಂತ್ರಾಂಶ ಬೆಂಬಲವನ್ನು ಘೋಷಿಸಿದವು. ಸ್ವಾಗತಾರ್ಹವೇ ಸರಿ. ಆದರೆ ಈ ಏಳು ವರ್ಷಗಳ ಎಣಿಕೆ ಆರಂಭವಾಗುವುದು ಆ ಮಾದರಿ ಮಾರುಕಟ್ಟೆಗೆ ಬಂದಂದಿನಿಂದಲೇ ಹೊರತು ನಾವು ಕೊಂಡಂದಿನಿಂದ ಅಲ್ಲ. ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾದರಿಯನ್ನು ತಂದರೆ ಎರಡು ವರ್ಷದ ಆಯುಷ್ಯ ಅಂಗಡಿಯಲ್ಲೇ ಕಳೆದುಹೋಗಿರುತ್ತದೆ. ಇಷ್ಟು ದೀರ್ಘವಾದ ಭರವಸೆ ಅಗ್ಗದ ಮಾದರಿಗಳಿಗೆ ಸಾಮಾನ್ಯವಾಗಿ ಇರುವುದೂ ಇಲ್ಲ. ಹೀಗಾಗಿ ಕಡಿಮೆ ಹಣವುಳ್ಳವನೇ ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಕೂಲಿಯ ಹಣದಲ್ಲಿ ಮಗಳ ಓದಿಗೆಂದು ಮೊಬೈಲು ತರುವ ತಾಯಿಗೆ ಈ ಮಾತನ್ನು ಯಾವ ಜಾಹೀರಾತೂ ತಿಳಿಸುವುದಿಲ್ಲ.

ಬ್ಯಾಟರಿಯ ಮಾತೂ ಇದೆ. ಲಿಥಿಯಂ ಬ್ಯಾಟರಿ ಪ್ರತಿ ಬಾರಿ ತುಂಬಿ ಬರಿದಾದಾಗಲೂ ಒಳಗಿನ ರಾಸಾಯನಿಕ ಬದಲಾವಣೆಯಿಂದ ತುಸು ತುಸುವೇ ಕುಗ್ಗುತ್ತದೆ. ಅದು ಸ್ವಭಾವ. ಆದರೆ ಅದನ್ನು ಗೋಂದಿನಿಂದ ಅಂಟಿಸಿ, ಬದಲಾಯಿಸಲು ಕಷ್ಟವಾಗುವಂತೆ ಮಾಡುವುದು ಮನುಷ್ಯರ ನಿರ್ಧಾರ. ನಿಯಮದಿಂದ ಈ ನಿರ್ಧಾರವನ್ನು ತಿದ್ದಬಹುದು ಎಂಬುದಕ್ಕೆ ಐರೋಪ್ಯ ಒಕ್ಕೂಟವೇ ಸಾಕ್ಷಿ. ಅಲ್ಲಿ 2025ರ ಜೂನ್ 20ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಮೊಬೈಲಿನ ಬ್ಯಾಟರಿ 800 ಬಾರಿ ತುಂಬಿ ಬರಿದಾದ ಮೇಲೂ ಮೂಲ ಸಾಮರ್ಥ್ಯದ ಶೇಕಡ 80ನ್ನು ಉಳಿಸಿಕೊಂಡಿರಬೇಕು. ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಮಾಹಿತಿ ಒದಗಿಸುವುದು ಒಳ್ಳೆಯ ಆರಂಭ. ಕಡ್ಡಾಯವಾದ ನಿಯಮಕ್ಕೆ ಅದು ಸಮನಾಗದು.

ಇನ್ನು ಮೂರನೆಯ ಪ್ರಶ್ನೆ. ಯಂತ್ರ ಹೋದರೆ ಇನ್ನೊಂದನ್ನು ತರಬಹುದು. ಅದರೊಳಗೆ ಇಟ್ಟದ್ದು ಹೋದರೆ ತರಲಾಗದು. ನನ್ನ ತಂದೆಯವರು 2004ರಲ್ಲಿ ನಮ್ಮ ಮನೆತನದ ನೆನಪುಗಳನ್ನು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ ಸಿ.ಡಿ.ಯಲ್ಲಿ ಇರಿಸಿದ್ದರು. ಅವರು ತೀರಿಕೊಂಡ ಮೇಲೆ ಕಡತವನ್ನು ತೆರೆದರೆ ಕಂಡದ್ದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ. ಯೂನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೇ ಒಪ್ಪಿದ ತನ್ನದೇ ಸಂಕೇತವಿದೆ. ಪರಿವರ್ತಕ ತಂತ್ರಾಂಶದ ನೆರವಿನಿಂದ ಆ ಪುಟಗಳನ್ನು ಯೂನಿಕೋಡಿಗೆ ತಂದು, ತಪ್ಪಿದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಲು ನನಗೆ ಮೂರು ವಾರ ಬೇಕಾಯಿತು. ಅಜ್ಜಿ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಬಂದ ಸಂಗತಿ ಬೇರೆಲ್ಲೂ ಬರೆದಿಟ್ಟಿರಲಿಲ್ಲ. ತಮ್ಮ ಮನೆಯಲ್ಲಿಯೂ, ತಮ್ಮ ಸಂಘದ ಕಪಾಟಿನಲ್ಲಿಯೂ ಇಂತಹ ಸಿ.ಡಿ.ಗಳು ಇರಬಹುದು. ಓದುವ ಯಂತ್ರಗಳು ಇನ್ನೂ ಸಿಗುವಾಗಲೇ ಅವನ್ನು ತೆರೆದು ನೋಡಿರಿ. ಒಂದು ಪ್ರತಿಯನ್ನು ಬೇರೆ ಕಡೆ ಇಡಿರಿ. ಮುಖ್ಯವಾದುದನ್ನು ಕಾಗದದ ಮೇಲೂ ಮುದ್ರಿಸಿರಿ.

ಹೊಸತನ್ನು ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಹೊಸ ಯಂತ್ರದ ಪೆಟ್ಟಿಗೆ ಬಿಚ್ಚುವಾಗಿನ ಸಂತೋಷ ನನಗೂ ಚೆನ್ನಾಗಿ ಗೊತ್ತು. ಆದರೆ ಮುಂದಿನ ಹಬ್ಬದ ಮಾರಾಟದಲ್ಲಿ ಅಂಗಡಿಯ ಮುಂದೆ ನಿಂತಾಗ, ಕ್ಯಾಮೆರಾದ ಬಗ್ಗೆ ಕೇಳುವ ಮೊದಲು, ತೇಪೆಗಳು ಯಾವ ವರ್ಷದವರೆಗೆ ಬರುತ್ತವೆ, ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ, ನನ್ನ ಕಡತಗಳನ್ನು ಬೇರೆ ಯಂತ್ರಕ್ಕೆ ಹೇಗೆ ಒಯ್ಯುವುದು ಎಂದು ಕೇಳಿರಿ. ಉತ್ತರವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿರಿ. ಮಾರುವವರಿಗೆ ಉತ್ತರ ತಿಳಿಯದಿದ್ದರೆ, ತಿಳಿದವರು ಸಿಗುವವರೆಗೆ ಕಾಯುವುದರಿಂದ ನಷ್ಟವೇನೂ ಇಲ್ಲ. ಮನೆಯಲ್ಲಿರುವ ಹಳೆಯದು ಅಷ್ಟು ದಿನ ಕೆಲಸ ಮಾಡುತ್ತಲೇ ಇರುತ್ತದೆ.